ರಿಪೋರ್ಟಿಗೆ ಕಾಯಿಲೆ, ಮನುಷ್ಯನಿಗೆ ಮಾತ್ರೆ!

ಗೆಳೆಯರೇ, ನಾನು ಡಾಕ್ಟರಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಮದುವೆ ಕಾರ್ಡು, ಬಿಲ್ ಪುಸ್ತಕ, ಸಂಘದ ಕರಪತ್ರ, ರಾಜ್ಯೋತ್ಸವದ ಪೋಸ್ಟರು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಇವನ್ಯಾಕೆ ರಕ್ತಪರೀಕ್ಷೆಯ ವಿಷಯಕ್ಕೆ ಕೈ ಹಾಕಿದ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ನನ್ನ ಮೈಮೇಲೆ, ನನ್ನ ಮಗಳ ಮೈಮೇಲೆ ಬಂದದ್ದನ್ನು ಬರೆಯುವುದಕ್ಕೆ ಡಿಗ್ರಿ ಬೇಕಿಲ್ಲ ಅನ್ನುವುದು ನನ್ನ ಉತ್ತರ.

ಇನ್ನೊಂದು ಕಾರಣವೂ ಇದೆ. ನಮ್ಮ ಏರಿಯಾದ ನಾಲ್ಕಾರು ಲ್ಯಾಬುಗಳಿಗೆ ಲೆಟರ್‌ಹೆಡ್ಡು, ರಿಪೋರ್ಟ್ ಕವರು ಅಚ್ಚು ಹಾಕಿಕೊಡುವವನೂ ನಾನೇ. ಪ್ರತಿ ಲೆಟರ್‌ಹೆಡ್ಡಿನ ಕಾಲಬುಡದಲ್ಲಿ, ಆರು ಪಾಯಿಂಟಿನ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಇಂಗ್ಲಿಷ್ ಸಾಲು ಇರುತ್ತದೆ: 'ಕೈಂಡ್ಲಿ ಕೋರಿಲೇಟ್ ಕ್ಲಿನಿಕಲಿ'. ಹದಿನೈದು ವರ್ಷ ಆ ಸಾಲನ್ನು ಸಾವಿರ ಸಾವಿರ ಹಾಳೆಗೆ ಒತ್ತಿದ್ದೇನೆ. ಸ್ಪೆಲ್ಲಿಂಗ್ ತಪ್ಪಿದೆಯಾ ಅಂತ ನೋಡಿದ್ದೇನೆಯೇ ಹೊರತು ಅರ್ಥ ಏನು ಅಂತ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಎಂಟು ತಿಂಗಳು ಇಲ್ಲದ ಕಾಯಿಲೆಗೆ ಮಾತ್ರೆ ನುಂಗುವ ಗತಿ ನನಗೆ ಬರುತ್ತಿರಲಿಲ್ಲ.

ಆದದ್ದು ಇಷ್ಟು

2018ರ ಚುನಾವಣೆ ಹೊತ್ತು. ಪ್ರೆಸ್ಸಿನಲ್ಲಿ ಹಗಲು ರಾತ್ರಿ ಕೆಲಸ. ನಿದ್ದೆ ಇಲ್ಲ, ಹೊಟ್ಟೆಗೆ ಬರೀ ಕಾಫಿ. ಒಂದು ದಿನ ಎದೆ ಡವಡವ ಅನ್ನತೊಡಗಿತು. ಬಡಾವಣೆಯಲ್ಲೇ ಆರೋಗ್ಯ ಶಿಬಿರ ನಡೆಯುತ್ತಿತ್ತು, ರಕ್ತ ಕೊಟ್ಟು ಬಂದೆ. ಮೂರನೇ ದಿನ ರಿಪೋರ್ಟು ಕೈಗೆ ಬಂತು. ಥೈರಾಯ್ಡ್ ಹಾರ್ಮೋನು ಟಿ-4 ಎಂಬುದರ ಮುಂದೆ ದಪ್ಪಕ್ಷರದಲ್ಲಿ 'ಎಚ್' ಅಂತ ಇತ್ತು. ಎಚ್ ಅಂದರೆ ಹೈ, ಹೆಚ್ಚು. ಅದರ ಕೆಳಗಿನ ಸಾಲಿನಲ್ಲಿ ಟಿ.ಎಸ್.ಎಚ್ ಎಂಬುದರ ಮುಂದೆ ಯಾವ ಗುರುತೂ ಇರಲಿಲ್ಲ. ಅದು ನಾರ್ಮಲ್ ಆಗಿತ್ತು.

ನಾನು ತೋರಿಸಿದ ಕ್ಲಿನಿಕ್ಕಿನಲ್ಲಿ ಎರಡು ನಿಮಿಷದಲ್ಲಿ ತೀರ್ಪು ಬಂತು. "ಹೈಪರ್ ಥೈರಾಯ್ಡ್. ಮಾತ್ರೆ ಶುರು ಮಾಡಿ." ನನ್ನ ಕುತ್ತಿಗೆ ಮುಟ್ಟಲಿಲ್ಲ, ಕೈ ನಡುಗುತ್ತದಾ ನೋಡಲಿಲ್ಲ, ತೂಕ ಇಳಿದಿದೆಯಾ ಕೇಳಲಿಲ್ಲ. ಎಚ್ ಅಂತ ಇದೆಯಲ್ಲ, ಸಾಕು!

ಥೈರಾಯ್ಡ್ ಗ್ರಂಥಿಯನ್ನು ತಗ್ಗಿಸುವ ಮಾತ್ರೆ ಅದು. ಎರಡು ತಿಂಗಳಲ್ಲಿ ಟಿ-4 ಇಳಿಯಿತು. ಎಲ್ಲರಿಗೂ ಖುಷಿ. ಆದರೆ ನಾನು? ಬೆಳಗ್ಗೆ ಏಳಲಾಗದ ಸುಸ್ತು. ಮುಖ ಊದಿಕೊಂಡಿತು. ಏಪ್ರಿಲ್ ಸೆಕೆಯಲ್ಲೂ ಸ್ವೆಟರು ಬೇಕೆನಿಸುವಂಥ ಚಳಿ. ಮಲಬದ್ಧತೆ. ಪ್ರೂಫ್ ನೋಡುತ್ತಾ ನೋಡುತ್ತಾ ತೂಕಡಿಕೆ. ಒಂದು ಗೃಹಪ್ರವೇಶದ ಕಾರ್ಡಿನಲ್ಲಿ ತಾರೀಖನ್ನೇ ತಪ್ಪು ಒತ್ತಿ ಐನೂರು ಕಾರ್ಡಿನ ದುಡ್ಡು ಕೈಯಿಂದ ಕಟ್ಟಿದೆ. ಸಂಖ್ಯೆ ವಾಸಿಯಾಯಿತು, ಮನುಷ್ಯ ಕಾಯಿಲೆ ಬಿದ್ದ!

ಕೊನೆಗೆ ನನ್ನ ಹೆಂಡತಿ, "ರೀ, ಈ ಮಾತ್ರೆ ಶುರುವಾದ ಮೇಲೇ ನೀವು ಹೀಗಾಗಿದ್ದು" ಅಂದಳು. ಬೇರೆ ಕಡೆ ತೋರಿಸಿದೆವು. ಟಿ.ಎಸ್.ಎಚ್ ಮೇಲಕ್ಕೆ ಹಾರಿತ್ತು. ಅವರು ಮಾತ್ರೆ ನಿಲ್ಲಿಸಿದರು. ಮೂರು ತಿಂಗಳಲ್ಲಿ ಮೊದಲಿನ ಹಾಗಾದೆ. ಅಲ್ಲಿಗೆ ಬಿಟ್ಟೆವು. ಯಾಕೆ ಹೀಗಾಯಿತು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮಗಳ ಸರದಿ

2022. ಮಗಳು ಸೆಕೆಂಡ್ ಪಿಯುಸಿ. ಕೂದಲು ಉದುರುತ್ತದೆ ಅಂತ ರಕ್ತ ಪರೀಕ್ಷೆ ಮಾಡಿಸಿದಳು. ಅದೇ ಎಚ್! ಅದೇ ಹೈಪರ್ ಥೈರಾಯ್ಡ್! ಈ ಸಲ ಒಂದು ದೊಡ್ಡ ಆಸ್ಪತ್ರೆ. ಅಲ್ಲಿ ಮಾತ್ರೆಯಿಂದ ಶುರು ಮಾಡಿ, ಬಗ್ಗದಿದ್ದರೆ ರೇಡಿಯೋ ಅಯೋಡಿನ್ ಕೊಟ್ಟು ಗ್ರಂಥಿಯನ್ನೇ ಸುಟ್ಟುಬಿಡಬಹುದು ಅಂದರು. ಸುಟ್ಟ ಮೇಲೆ? ಬಹುಮಟ್ಟಿಗೆ ಜೀವನಪೂರ್ತಿ ದಿನಾ ಬೆಳಗ್ಗೆ ಥೈರಾಕ್ಸಿನ್ ಮಾತ್ರೆ. ಹದಿನೇಳು ವರ್ಷದ ಹುಡುಗಿಗೆ!

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಮ್ಮ ನೆನಪಾದರು. ನಾನು ಚಿಕ್ಕವನಿದ್ದಾಗ, 1986ರಲ್ಲಿ, ಅವರಿಗೆ ಕುತ್ತಿಗೆಯ ಆಪರೇಷನ್ ಆಗಿತ್ತು. 'ಥೈರಾಯ್ಡ್ ಜಾಸ್ತಿ' ಅಂದಿದ್ದರಂತೆ. ತಾಳಿಯ ಮೇಲ್ಗಡೆ ಒಂದು ಗೆರೆ ಕಾಣುತ್ತಿತ್ತು. ಸಾಯುವ ತನಕ ದಿನಾ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದರು. ಅಮ್ಮ, ನಾನು, ಮಗಳು. ಮೂರು ತಲೆಮಾರು, ಒಂದೇ ಎಚ್. ಇದರಲ್ಲಿ ಏನೋ ಇದೆ ಅನ್ನಿಸಿತು.

ಗೆಳೆಯರೊಬ್ಬರು ಹೇಳಿದ ಹಿರಿಯ ವೈದ್ಯರ ಹತ್ತಿರ ಮಗಳನ್ನು ಕರಕೊಂಡು ಹೋದೆ. ಅವರು ರಿಪೋರ್ಟನ್ನು ಮಗುಚಿಟ್ಟು ಮೊದಲು ಹುಡುಗಿಯನ್ನು ನೋಡಿದರು. ನಾಡಿ ಹಿಡಿದರು, ಕುತ್ತಿಗೆ ಮುಟ್ಟಿದರು, ಕೈ ಚಾಚಿಸಿದರು. ಆಮೇಲೆ ರಿಪೋರ್ಟು ತೆಗೆದು ಕೇಳಿದರು: "ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೇ ಬಂದಿತ್ತಾ?" ನಾನು ನನ್ನ ಹಳೇ ಫೈಲು ಬಿಚ್ಚಿದೆ. ಅವರು ನಕ್ಕುಬಿಟ್ಟರು. "ಸ್ವಾಮಿ, ನಿಮ್ಮ ಮಗಳಿಗೆ ಕಾಯಿಲೆ ಇಲ್ಲ. ನಿಮಗೂ ಇರಲಿಲ್ಲ ಅಂತ ಕಾಣುತ್ತೆ. ಇರೋದು ರಕ್ತದ ಒಂದು ಪ್ರೋಟೀನಿನಲ್ಲಿ. ಖಚಿತ ಮಾಡಿಕೊಳ್ಳೋಣ, ಅಲ್ಲೀತನಕ ಒಂದು ಮಾತ್ರೆಯೂ ಬೇಡ."

ಇಬ್ಬರ ರಕ್ತವೂ ಜೀನ್ ಪರೀಕ್ಷೆಗೆ ಹೋಯಿತು. ವಾರಗಳ ನಂತರ ಉತ್ತರ ಬಂತು. ಅವರ ಊಹೆ ಸರಿಯಾಗಿತ್ತು.

ಗೋಡೌನಿನ ಕಾಗದ, ಮಿಷನ್ನಿನ ಕಾಗದ

ಅವರು ವಿವರಿಸಿದ್ದನ್ನು, ಆಮೇಲೆ ಮಗಳು ಪುಸ್ತಕ ನೋಡಿ ಹೇಳಿದ್ದನ್ನು ನನಗೆ ತಿಳಿದ ಭಾಷೆಯಲ್ಲೇ ಹೇಳುತ್ತೇನೆ.

ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಮಾಡುವ ಮುಖ್ಯ ಸರಕು ಥೈರಾಕ್ಸಿನ್, ಅಂದರೆ ಟಿ-4. ಅದು ರಕ್ತದಲ್ಲಿ ಒಂಟಿಯಾಗಿ ಓಡಾಡುವುದು ತೀರಾ ಕಡಿಮೆ. ಹತ್ತು ಸಾವಿರ ಪಾಲಿನಲ್ಲಿ ಎರಡು ಮೂರು ಪಾಲು ಮಾತ್ರ ಬಿಡಿ. ಉಳಿದದ್ದೆಲ್ಲ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಆ ಪ್ರೋಟೀನುಗಳು ಮೂರು: ಟಿ.ಬಿ.ಜಿ, ಟ್ರಾನ್ಸ್‌ಥೈರೆಟಿನ್, ಆಲ್ಬುಮಿನ್. ಸುಮಾರು ಮುಕ್ಕಾಲು ಪಾಲು ಹೊರುವುದು ಟಿ.ಬಿ.ಜಿ.

ನನ್ನ ಪ್ರೆಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ, ಅಂಟಿಕೊಂಡ ಟಿ-4 ಗೋಡೌನಿನಲ್ಲಿ ಪೇರಿಸಿಟ್ಟ ರೀಮು. ಬಿಡಿಯಾದ ಟಿ-4 ಮಿಷನ್ನಿನ ಮೇಲಿರುವ ಹಾಳೆ. ಅಚ್ಚಾಗುವುದು ಮಿಷನ್ ಮೇಲಿನ ಹಾಳೆ ಮಾತ್ರ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಇಲ್ಲಿ ಫೋರ್‌ಮನ್. ಅವನ ಕಣ್ಣು ಮಿಷನ್ ಮೇಲೆ. ಹಾಳೆ ಕಡಿಮೆಯಾದರೆ 'ಕಳಿಸ್ರೋ' ಅಂತ ಕೂಗುತ್ತಾನೆ, ಜಾಸ್ತಿಯಾದರೆ ಬಾಯಿ ಮುಚ್ಚುತ್ತಾನೆ. ಆ ಕೂಗೇ ಟಿ.ಎಸ್.ಎಚ್. ನಿಜವಾದ ಹೈಪರ್ ಥೈರಾಯ್ಡ್ ಇರುವವರಲ್ಲಿ ಸಾಮಾನ್ಯವಾಗಿ ಟಿ.ಎಸ್.ಎಚ್ ನೆಲಕಚ್ಚಿರುತ್ತದೆ. ನನಗೂ ನನ್ನ ಮಗಳಿಗೂ ಅದು ನಾರ್ಮಲ್ ಆಗಿತ್ತು. ಫೋರ್‌ಮನ್ 'ಎಲ್ಲಾ ಸರಿಯಾಗಿದೆ' ಅನ್ನುತ್ತಿದ್ದ. ನಾವು ಕೇಳಿದ್ದು ಗೋಡೌನ್ ಗುಮಾಸ್ತನ ಮಾತು!

ಈ ಗೋಡೌನಿನ ರ್‍ಯಾಕು ಹುಟ್ಟಿನಿಂದಲೇ ಬೇರೆ ಥರ ಇರುವ ಕುಟುಂಬಗಳಿವೆ. ಅವರ ಆಲ್ಬುಮಿನ್ ಟಿ-4ಅನ್ನು ಹಲವು ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಗೋಡೌನು ತುಂಬಿರುತ್ತದೆ, ಮಿಷನ್ ಮೇಲೆ ಮಾತ್ರ ಎಷ್ಟು ಬೇಕೋ ಅಷ್ಟೇ. ಮನುಷ್ಯ ಗಟ್ಟಿಮುಟ್ಟು. 1979ರಲ್ಲಿ ಹಾಲೆಂಡಿನ ಹೆನ್ನೆಮನ್ ಎಂಬ ವೈದ್ಯರ ತಂಡ ಇದನ್ನು ವರದಿ ಮಾಡಿತು. ಇದಕ್ಕಿಟ್ಟ ಹೆಸರು 'ಫ್ಯಾಮಿಲಿಯಲ್ ಡಿಸ್‌ಆಲ್ಬುಮಿನೀಮಿಕ್ ಹೈಪರ್‌ಥೈರಾಕ್ಸಿನೀಮಿಯಾ'. ವಿಸಿಟಿಂಗ್ ಕಾರ್ಡಿನ ಒಂದು ಸಾಲಿಗೆ ಹಿಡಿಯದ ಹೆಸರು! 'ಮನೆತನದ ಆಲ್ಬುಮಿನ್ ವ್ಯತ್ಯಾಸ' ಅನ್ನೋಣ, ಸಾಕು.

ಒಂದೇ ಅಕ್ಷರದ ತಪ್ಪು

ಇದರ ಮೂಲ ಗೊತ್ತಾದದ್ದು 1994ರಲ್ಲಿ. ಆಲ್ಬುಮಿನ್ ಅಂದರೆ 585 ಅಮೈನೋ ಆಮ್ಲಗಳ ಒಂದು ಸರಪಳಿ. ಅದರಲ್ಲಿ 218ನೇ ಜಾಗದಲ್ಲಿ ಆರ್ಜಿನೀನ್ ಇರಬೇಕು. ಈ ಕುಟುಂಬಗಳಲ್ಲಿ ಹೆಚ್ಚಾಗಿ ಅಲ್ಲಿ ಹಿಸ್ಟಿಡೀನ್ ಕೂತಿರುತ್ತದೆ. ಜೀನಿನಲ್ಲಿ 'ಸಿ-ಜಿ-ಸಿ' ಅಂತ ಇರಬೇಕಾದದ್ದು 'ಸಿ-ಎ-ಸಿ' ಆಗಿರುತ್ತದೆ. ಒಂದೇ ಒಂದು ಅಕ್ಷರ!

ಮಗಳು ಇದನ್ನು ಹೇಳಿದಾಗ ನನಗೆ ನಗು ಬಂತು. ನಮ್ಮ ಕಸುಬಿನಲ್ಲಿ ಇದಕ್ಕೆ ಮುದ್ರಾರಾಕ್ಷಸನ ಹಾವಳಿ ಅನ್ನುತ್ತೇವೆ. ಪ್ಲೇಟಿನಲ್ಲಿ ಒಂದಕ್ಷರ ತಪ್ಪಿದರೆ ಆ ಪ್ಲೇಟಿನಿಂದ ಬರುವ ಪ್ರತಿ ಹಾಳೆಯಲ್ಲೂ ತಪ್ಪು. ಇಲ್ಲೂ ಹಾಗೇ. ಆದರೆ ಪ್ರತಿಯೊಬ್ಬರಲ್ಲಿ ಈ ಜೀನಿನ ಎರಡು ಪ್ಲೇಟು ಇರುತ್ತವೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಒಂದರಲ್ಲಿ ತಪ್ಪಿದ್ದರೂ ಲಕ್ಷಣ ಕಾಣುತ್ತದೆ. ತಪ್ಪು ಪ್ಲೇಟು ಮಗುವಿಗೆ ಹೋಗುವ ಸಂಭವ ಅರ್ಧಕ್ಕರ್ಧ. ಹೆಣ್ಣು ಗಂಡು ಭೇದವಿಲ್ಲ.

"ಹಾಗಾದರೆ ಬಿಡಿಯಾದ ಟಿ-4 ಅನ್ನೇ ಅಳೆಯಬಹುದಲ್ಲ?" ಅಂತ ನೀವು ಕೇಳಬಹುದು. 'ಫ್ರೀ ಟಿ-4' ಅಂತ ಪರೀಕ್ಷೆ ಇದೆ. ಮೋಸ ಇರುವುದು ಅಲ್ಲೇ. ಲ್ಯಾಬಿನ ಹಲವು ಯಂತ್ರಗಳು ಅದನ್ನು ನೇರವಾಗಿ ಎಣಿಸುವುದಿಲ್ಲ. ಗುರುತು ಹಾಕಿದ ನಕಲಿ ಟಿ-4 ಅನ್ನು ರಕ್ತದ ಜೊತೆ ಬೆರೆಸುತ್ತವೆ. ನಿಜದ ಟಿ-4 ಮತ್ತು ನಕಲಿ ಎರಡೂ ಒಂದೇ ಸೀಟಿಗೆ ಪೈಪೋಟಿ ನಡೆಸುತ್ತವೆ. ನಕಲಿಗೆ ಸೀಟು ಕಡಿಮೆ ಸಿಕ್ಕಿದರೆ, ನಿಜದ್ದು ಜಾಸ್ತಿ ಇದೆ ಅಂತ ಯಂತ್ರದ ಲೆಕ್ಕ. ನಮ್ಮಂಥವರ ಆಲ್ಬುಮಿನ್ ಆ ನಕಲಿಯನ್ನೂ ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಯಂತ್ರ 'ಫ್ರೀ ಟಿ-4 ಕೂಡ ಎಚ್' ಅಂತ ಒದರುತ್ತದೆ. ಅದೇ ರಕ್ತವನ್ನು ಡಯಾಲಿಸಿಸ್ ಪದ್ಧತಿಯಲ್ಲಿ, ಅಂದರೆ ಪೊರೆಯ ಮೂಲಕ ಬಿಡಿ ಹಾರ್ಮೋನನ್ನು ಬೇರ್ಪಡಿಸಿ ಅಳೆದರೆ, ನಾರ್ಮಲ್ ಬರುತ್ತದೆ. ಒಂದೇ ರಕ್ತ, ಎರಡು ಪದ್ಧತಿ, ಎರಡು ಉತ್ತರ!

ಇದರ ತದ್ವಿರುದ್ಧವೂ ಉಂಟು. ಟಿ.ಬಿ.ಜಿ ಪ್ರೋಟೀನೇ ಇಲ್ಲದೆ ಹುಟ್ಟುವ ಗಂಡುಮಕ್ಕಳಿದ್ದಾರೆ, ಸುಮಾರು 15,000ಕ್ಕೆ ಒಬ್ಬರು. ಅದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಹಾಗಾಗಿ ಗಂಡುಮಕ್ಕಳಲ್ಲೇ ಪೂರ್ತಿ ಎದ್ದು ಕಾಣುತ್ತದೆ. ಅವರ ಗೋಡೌನು ಖಾಲಿ, ಮಿಷನ್ ಮೇಲೆ ಹಾಳೆ ಸರಿಯಾಗಿದೆ. ಒಟ್ಟು ಟಿ-4 ಮಾತ್ರ ನೋಡಿದವರು 'ಥೈರಾಯ್ಡ್ ಕಡಿಮೆ' ಅಂತ ಆರೋಗ್ಯವಾಗಿರುವ ಮಗುವಿಗೆ ಮಾತ್ರೆ ಹಚ್ಚುತ್ತಾರೆ. ಗರ್ಭಿಣಿಯರಲ್ಲಿ ಟಿ.ಬಿ.ಜಿ ತಾನಾಗಿಯೇ ಏರಿ ಒಟ್ಟು ಟಿ-4 ಸುಮಾರು ಒಂದೂವರೆ ಪಟ್ಟಾಗುತ್ತದೆ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಯಿಂದಲೂ ಏರುತ್ತದೆ. ಅದು ಕಾಯಿಲೆಯಲ್ಲ.

ಯಾರ ತಪ್ಪು?

ಇದು ಅಪರೂಪ, ಇದಕ್ಕೆ ಇಷ್ಟು ಗಲಾಟೆ ಯಾಕೆ ಅನ್ನುವವರಿದ್ದಾರೆ. ಹೌದು, ಅಪರೂಪ. ಆದರೆ ಈ ಅಪರೂಪದವರಿಗೆ ಬೇಡದ ಮಾತ್ರೆ ಕೊಟ್ಟದ್ದು, ರೇಡಿಯೋ ಅಯೋಡಿನ್ ಕುಡಿಸಿದ್ದು, ಆಪರೇಷನ್ ಮಾಡಿದ್ದು ಹೊರದೇಶಗಳ ವೈದ್ಯರ ಬರಹಗಳಲ್ಲೇ ದಾಖಲಾಗಿದೆ. ಆ ಮಾತ್ರೆ ಕಡಲೇಪುರಿಯಲ್ಲ. ಕಾರ್ಬಿಮಜೋಲ್ ನುಂಗುವವರಲ್ಲಿ ಕೆಲವರಿಗೆ ರಕ್ತದ ಬಿಳಿಕಣಗಳೇ ಕುಸಿದು ಜೀವಕ್ಕೆ ಅಪಾಯವಾಗುತ್ತದೆ. ಗಂಟಲು ನೋವು, ಜ್ವರ ಬಂದರೆ ತಕ್ಷಣ ಡಾಕ್ಟರನ್ನು ಕಾಣಬೇಕು ಅಂತ ನನಗೆ ಎಂಟು ತಿಂಗಳಲ್ಲಿ ಒಬ್ಬರೂ ಹೇಳಲಿಲ್ಲ!

ನಾನು ಎಲ್ಲ ವೈದ್ಯರನ್ನು ಬೈಯುತ್ತಿಲ್ಲ. ನನ್ನ ಮಗಳನ್ನು ಉಳಿಸಿದವರೂ ವೈದ್ಯರೇ. ನನ್ನ ಸಿಟ್ಟು ಎಚ್ ನೋಡಿ ಮಾತ್ರೆ ಬರೆಯುವ ಅವಸರದ ಮೇಲೆ. ನನ್ನ ಸಿಟ್ಟು ಮೊಬೈಲಿನಲ್ಲಿ 'ಎಪ್ಪತ್ತು ಪರೀಕ್ಷೆ, ಅರ್ಧ ರೇಟು' ಅಂತ ದಿನಾ ಕೂಗುವ ಪ್ಯಾಕೇಜ್ ವ್ಯಾಪಾರದ ಮೇಲೆ. ನಾರ್ಮಲ್ ಅಂತ ರಿಪೋರ್ಟಿನಲ್ಲಿ ಇರುವ ಮಿತಿಯನ್ನು ಸಾಮಾನ್ಯವಾಗಿ ನಿಗದಿ ಮಾಡುವುದೇ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ. ಅಂದರೆ ಆರೋಗ್ಯವಾಗಿರುವ ಇಪ್ಪತ್ತು ಜನರಲ್ಲಿ ಒಬ್ಬ ಪ್ರತಿ ಪರೀಕ್ಷೆಯಲ್ಲೂ ಗೆರೆಯ ಆಚೆ ಬೀಳುತ್ತಾನೆ. ಎಪ್ಪತ್ತು ಪರೀಕ್ಷೆ ಮಾಡಿಸಿದ ಮೇಲೆ ಒಂದಾದರೂ ಎಚ್ ಬಾರದೆ ಇದ್ದೀತೇ?

ಮತ್ತೆ ನನ್ನ ಸಿಟ್ಟು ಆ ಆರು ಪಾಯಿಂಟಿನ ಸಾಲಿನ ಮೇಲೆ. ಅದರ ಅರ್ಥ ಹಿರಿಯ ವೈದ್ಯರನ್ನೇ ಕೇಳಿದೆ. "ಈ ಸಂಖ್ಯೆಯನ್ನು ಎದುರಿಗಿರೋ ರೋಗಿಯ ಜೊತೆ ತಾಳೆ ನೋಡಿ ಅಂತ" ಅಂದರು. ಅಷ್ಟೇ! ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಅಕ್ಷರದಲ್ಲಿ, ರಕ್ತ ಕೊಟ್ಟವನಿಗೆ ತಿಳಿಯದ ಭಾಷೆಯಲ್ಲಿ ಯಾಕೆ ಹಾಕುತ್ತಾರೆ? ಎಚ್ ಮಾತ್ರ ದಪ್ಪಗೆ, ಎಚ್ಚರಿಕೆ ಮಾತ್ರ ಇರುವೆ! ಅದು ಕನ್ನಡದಲ್ಲಿ ಇದ್ದಿದ್ದರೆ ಆವತ್ತು ನಾನು, "ಸಾರ್, ತಾಳೆ ನೋಡಿದಿರಾ?" ಅಂತ ಕೇಳುತ್ತಿದ್ದೆ. ನಮ್ಮಮ್ಮ ಕೂಡ ಕೇಳುತ್ತಿದ್ದರೋ ಏನೋ. ಅವರ ಹಳೇ ಚೀಟಿಗಳು ಒಂದೂ ಉಳಿದಿಲ್ಲ. ಆ ಆಪರೇಷನ್ ಬೇಕಿತ್ತೋ ಬೇಡವಾಗಿತ್ತೋ ಇನ್ನು ಹೇಳುವವರು ಯಾರು?

ಹುಡುಗರೇ, ನೀವು ಮಾಡಬೇಕಾದದ್ದು

ಮೊದಲು ಒಂದು ಎಚ್ಚರಿಕೆ. ಇದನ್ನು ಓದಿ ಮನೆಯಲ್ಲಿ ಯಾರದೂ ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ. ಆ ಮಾತ್ರೆ ತೆಗೆದುಕೊಳ್ಳುವ ಬಹುಪಾಲು ಜನರಿಗೆ ನಿಜವಾಗಿಯೂ ಕಾಯಿಲೆ ಇದೆ. ನಿಲ್ಲಿಸಿದರೆ ಅನಾಹುತ. ಕೇಳಬೇಕಾದದ್ದು ಡಾಕ್ಟರನ್ನು, ನನ್ನನ್ನಲ್ಲ.

ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ರಿಪೋರ್ಟು ಓದುವವರು ನೀವೇ. ಅಪ್ಪ ಅಮ್ಮ ಕವರನ್ನು ನಿಮ್ಮ ಕೈಗೆ ಕೊಟ್ಟು, 'ಏನಂತೆ ನೋಡಪ್ಪ' ಅನ್ನುತ್ತಾರೆ. ಎಚ್ ನೋಡಿ ಬೆಚ್ಚಬೇಡಿ. ಟಿ-4 ಜೊತೆಗೆ ಟಿ.ಎಸ್.ಎಚ್ ನೋಡಿ. ಟಿ-4 ಹೆಚ್ಚಿದ್ದೂ ಟಿ.ಎಸ್.ಎಚ್ ನಾರ್ಮಲ್ ಇದ್ದರೆ ಎರಡೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅಂತ ಅರ್ಥ. ಅದು ಏನೂ ಅಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ. ಪಿಟ್ಯುಟರಿ ಗಡ್ಡೆಯಲ್ಲೂ ಹೀಗೆ ಕಾಣಬಹುದು. 1967ರಲ್ಲಿ ರೆಫೆಟಾಫ್ ಎಂಬ ವೈದ್ಯರು ಮತ್ತವರ ಸಂಗಡಿಗರು ವರದಿ ಮಾಡಿದ, ದೇಹವೇ ಹಾರ್ಮೋನಿಗೆ ಬಗ್ಗದ ಇನ್ನೊಂದು ವಂಶಪಾರಂಪರ್ಯದ ತೊಂದರೆಯಲ್ಲೂ ಹೀಗೆ ಕಾಣಬಹುದು. ಡಾಕ್ಟರನ್ನು ಕೇಳಿ: "ಸಾರ್, ಇವೆರಡೂ ಹೊಂದುತ್ತಿಲ್ಲವಲ್ಲ, ಬೇರೆ ಪದ್ಧತಿಯಲ್ಲಿ ಮತ್ತೊಮ್ಮೆ ನೋಡೋಣವೇ?" ಮರ್ಯಾದೆಯಿಂದಲೇ ಕೇಳಿ, ಆದರೆ ಕೇಳಿ.

ಅಪ್ಪ, ಅಮ್ಮ, ಅಣ್ಣ, ತಂಗಿ ಇವರಲ್ಲಿ ಯಾರಿಗಾದರೂ ಇದೇ ಥರ ಬಂದಿತ್ತಾ ವಿಚಾರಿಸಿ. ಹಳೇ ರಿಪೋರ್ಟು ರದ್ದಿಗೆ ಹಾಕಬೇಡಿ. ನನ್ನ 2018ರ ಫೈಲು ಉಳಿದಿತ್ತು, ಮಗಳು ಉಳಿದಳು.

ಕೂದಲು, ಉಗುರು ಚೆನ್ನಾಗಿರಲಿ ಅಂತ ಬಯೋಟಿನ್ ಮಾತ್ರೆ ನುಂಗುವವರು ನಿಮ್ಮಲ್ಲಿ ಎಷ್ಟೋ ಜನ. ಇದು ವಂಶದ ಮಾತಲ್ಲ, ಆದರೆ ದೊಡ್ಡ ಪ್ರಮಾಣದ ಬಯೋಟಿನ್ ಕೂಡ ಕೆಲವು ಯಂತ್ರಗಳ ಲೆಕ್ಕ ಕೆಡಿಸುತ್ತದೆ. ಅಮೆರಿಕದ ಎಫ್.ಡಿ.ಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ರಕ್ತ ಕೊಡುವ ಮೊದಲು ನುಂಗುತ್ತಿರುವುದನ್ನೆಲ್ಲ ಹೇಳಿ.

ನಮ್ಮಂಥ ಕುಟುಂಬ ಅಂತ ಖಚಿತವಾದರೆ ಚಿಕಿತ್ಸೆ ಏನೂ ಬೇಡ. ಬೇಕಾದದ್ದು ಒಂದು ಚೀಟಿ. ಯಾಕೆಂದರೆ ಮುಂದಿನ ಶಿಬಿರದಲ್ಲಿ, ಮುಂದಿನ ಲ್ಯಾಬಿನಲ್ಲಿ ಮತ್ತೆ ಎಚ್ ಬರಬಹುದು. ನಾನು ಮತ್ತು ಮಗಳು ಪರ್ಸಿನಲ್ಲಿ ಒಂದೊಂದು ಕಾರ್ಡು ಇಟ್ಟುಕೊಂಡಿದ್ದೇವೆ. ಕನ್ನಡ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ. ಅಚ್ಚು ನನ್ನದೇ!

ಲ್ಯಾಬಿನವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಯಾವ ಪದ್ಧತಿಯಲ್ಲಿ ಅಳೆದಿರಿ ಅಂತ ರಿಪೋರ್ಟಿನಲ್ಲಿ ಹಾಕಿ. ಟಿ-4, ಟಿ.ಎಸ್.ಎಚ್ ಹೊಂದದಿದ್ದರೆ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ಎಚ್ಚರಿಕೆಯ ಸಾಲನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಹಾಕಿ. ಕನ್ನಡಿಗನ ರಕ್ತ ಬೇಕು, ಕನ್ನಡಿಗನ ದುಡ್ಡು ಬೇಕು, ಕನ್ನಡದ ಒಂದು ಸಾಲು ಬೇಡವೇ?

ನನ್ನ ಪ್ರೆಸ್ಸಿಗೆ ಬರುವ ಲ್ಯಾಬುಗಳಿಗೆ ಈಗ ನಾನೇ ಕೇಳುತ್ತೇನೆ. ಕನ್ನಡದ ಸಾಲಿಗೆ ಬೇರೆ ಚಾರ್ಜು ಇಲ್ಲ ಅನ್ನುತ್ತೇನೆ. ಒಬ್ಬರು, "ಇಂಗ್ಲಿಷಿನಲ್ಲಿದ್ದರೇ ಸ್ಟ್ಯಾಂಡರ್ಡ್ ರೀ" ಅಂದು ಬೇರೆ ಪ್ರೆಸ್ಸಿಗೆ ಹೋದರು. ಹೋಗಲಿ. ಇನ್ನೊಬ್ಬರು ಒಪ್ಪಿದರು. ಅವರ ಕವರಿನ ಮೇಲೆ ಈಗ ಹದಿನಾಲ್ಕು ಪಾಯಿಂಟಿನಲ್ಲಿ ಹೀಗಿದೆ: 'ಈ ಸಂಖ್ಯೆಯನ್ನು ನಿಮ್ಮ ಮೈಯ ಸ್ಥಿತಿಯೊಂದಿಗೆ ತಾಳೆ ನೋಡಿಯೇ ಚಿಕಿತ್ಸೆ ಶುರು ಮಾಡುವಂತೆ ವೈದ್ಯರನ್ನು ಕೇಳಿ.'

ನಿಮ್ಮ ಬೀದಿಯ ಲ್ಯಾಬಿನ ರಿಪೋರ್ಟಿನಲ್ಲಿ ಏನಿದೆ? ಇವತ್ತೇ ಮನೆಯ ಬೀರು ತೆಗೆದು ನೋಡಿ.